ಬರದವರ ಪುಸ್ತಕ

ಓದುಗರ ಪ್ರಶ್ನೆ, ಅಯ್ಯನವರ (ಸಭಾಪಾಲಕರ) ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಬರೆದವರು ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಗೊತ್ತಿಲ್ಲ. ಆದರೂ ಎಲ್ಲರೂ ಕೇಳಿದ್ದು ಒಂದೇ. ನಮ್ಮ ಸಭೆ, ಅಂದರೆ ನಮ್ಮ ಚರ್ಚಿಗೆ ಸೇರಿದ ಜನ, ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ, ಅದನ್ನು ತಿಳಿಯುವುದು ಹೇಗೆ? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು. ನಾನು ಹನ್ನೊಂದು ವರ್ಷದಿಂದ ನಮ್ಮ ಸಭೆಯ ಕಾರ್ಯದರ್ಶಿ. ಪ್ರತಿ ವರ್ಷ ವರದಿ ಬರೆಯಬೇಕು. ಕುಟುಂಬ ಎಷ್ಟು, ದೀಕ್ಷಾಸ್ನಾನ ಎಷ್ಟು, ದೃಢೀಕರಣ ಎಷ್ಟು, ಕಾಣಿಕೆ ಎಷ್ಟು ಅಂತ ಕಾಲಂ ತುಂಬಬೇಕು. ಐದು ವರ್ಷದ ಹಿಂದೆ ಭಾನುವಾರದ ಆರಾಧನೆಗೆ 180 ಜನ ಬರುತ್ತಿದ್ದರು. ಈಗ 110. ಆದರೆ ಕಾಣಿಕೆ ಜಾಸ್ತಿಯಾಗಿದೆ, ಹೊಸ ಕಟ್ಟಡವೂ ಆಗಿದೆ. ವಾರ್ಷಿಕ ಸಭೆಯಲ್ಲಿ ಅರ್ಧ ಜನ "ಸಭೆ ಬೆಳೆದಿದೆ" ಅಂದರು, ಇನ್ನರ್ಧ ಜನ "ಬಿದ್ದು ಹೋಗಿದೆ" ಅಂದರು. ದೊಡ್ಡ ಜಗಳವೇ ಆಯಿತು. ವರದಿಯಲ್ಲಿ ಏನು ಬರೆಯಲಿ?
— ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಕಾರ್ಯದರ್ಶಿಗಳೇ, ಮೊದಲು ಒಂದು ಮಾತು. ರಿಜಿಸ್ಟರ್ ಬಿಸಾಡಬೇಡಿ. ಲೆಕ್ಕ ಇಡುವುದು ಲೋಕದ ಕೆಲಸ, ಆತ್ಮಿಕ ಕೆಲಸ ಅಲ್ಲ ಅನ್ನುವವರು ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸತ್ಯವೇದದಲ್ಲೇ (ಬೈಬಲಿನಲ್ಲೇ) ಎಷ್ಟೊಂದು ಲೆಕ್ಕ ಇದೆ ನೋಡಿ. ಪಂಚಾಶತ್ತಮ ಹಬ್ಬದ ದಿನ ಸುಮಾರು 3,000 ಜನ ಸೇರಿದರು ಅಂತ ಇದೆ. ತಿಬೇರಿಯ ಸಮುದ್ರದಲ್ಲಿ ಶಿಷ್ಯರ ಬಲೆಗೆ ಬಿದ್ದದ್ದು 153 ಮೀನು. ಸತ್ತು ಎದ್ದು ಬಂದ ಕರ್ತನು ದಡದಲ್ಲಿ ಕೆಂಡ ಹಾಕಿ ಕಾಯುತ್ತಿದ್ದಾನೆ. ಅಂಥ ಹೊತ್ತಿನಲ್ಲೂ ಯಾರೋ ಒಬ್ಬರು ಒದ್ದೆ ಮೀನುಗಳನ್ನು ಒಂದೊಂದಾಗಿ ಎಣಿಸಿದ್ದಾರೆ! ಆ ಮನುಷ್ಯ ನನಗೆ ತುಂಬಾ ಇಷ್ಟ.

ಆದರೆ ಅದೇ ಸತ್ಯವೇದದಲ್ಲಿ ದಾವೀದ ರಾಜನ ಜನಗಣತಿಯೂ ಇದೆ. ಅವನ ಸೇನಾಪತಿ ಯೋವಾಬನು ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶವೆಲ್ಲ ತಿರುಗಿ ಲೆಕ್ಕ ತಂದ. ಇಸ್ರಾಯೇಲಿನಲ್ಲಿ 8 ಲಕ್ಷ, ಯೆಹೂದದಲ್ಲಿ 5 ಲಕ್ಷ. ಲೆಕ್ಕ ಕೈಗೆ ಬಂದ ಮೇಲೆ ದಾವೀದನ ಮನಸ್ಸೇ ಅವನನ್ನು ಚುಚ್ಚಿತು. ಯೇಸುಸ್ವಾಮಿ ಹೇಳಿದ ಕತೆಯಲ್ಲಿ, ಕಳೆದುಹೋದ ಒಂದು ಕುರಿಯನ್ನು ಹುಡುಕಿ ಹೋದ ನೂರು ಕುರಿಯ ಕುರುಬನೂ ಎಣಿಸಿದ, ದಾವೀದನೂ ಎಣಿಸಿದ. ಕುರುಬನನ್ನು ಯೇಸುಸ್ವಾಮಿ ಹೊಗಳುತ್ತಾರೆ, ದಾವೀದ ತಪ್ಪಿತಸ್ಥನಾಗುತ್ತಾನೆ. ಯಾಕೆ? ದಾವೀದ ಎಣಿಸಿದ್ದು ಕತ್ತಿ ಹಿಡಿಯುವ ಗಂಡಸರನ್ನು ಮಾತ್ರ. ನನ್ನ ಬಲ ಎಷ್ಟು ಅಂತ ನೋಡಲು ಎಣಿಸಿದ. ಕುರುಬ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಯಾವುದು ಬಂದಿಲ್ಲ ಅಂತ ನೋಡಲು ಎಣಿಸಿದ.

ನನಗೆ ಇದು ತಡವಾಗಿ ತಿಳಿಯಿತು. ಹೇಗೆ ತಿಳಿಯಿತು ಅಂತ ಹೇಳಿಬಿಡುತ್ತೇನೆ.

1993. ಊರಿನ ಹೆಸರು ಬೇಡ. ಅದು ನನ್ನ ನಾಲ್ಕನೆಯ ಸಭೆ. ಆ ವರ್ಷದ ನನ್ನ ವರದಿ ತುಂಬಾ ಚೆನ್ನಾಗಿತ್ತು. 96 ಕುಟುಂಬ, ಹಿಂದಿನ ವರ್ಷಕ್ಕಿಂತ ಒಂಬತ್ತು ಜಾಸ್ತಿ. ಕಾಣಿಕೆ ಕಾಲು ಭಾಗ ಏರಿತ್ತು. ಕಾಂಪೌಂಡ್ ಗೋಡೆ ಎದ್ದಿತ್ತು. ಬಾಕಿ ಬಿದ್ದ ಚಂದಾ ಕೂಡ ವಸೂಲಾಗಿತ್ತು. ಅದಕ್ಕೆ ನಾನೇ ಒಂದು ದಾರಿ ಹುಡುಕಿದ್ದೆ. ನೋಟೀಸ್ ಬೋರ್ಡಿನಲ್ಲಿ ಬಾಕಿದಾರರ ಪಟ್ಟಿ ಹಾಕಿಸಿದೆ. ಒಟ್ಟು ಹದಿನಾಲ್ಕು ಹೆಸರು. ಎಂಟನೆಯದು ಒಬ್ಬ ವಿಧವೆ ತಾಯಿಯದು. ಪ್ರತಿ ಶನಿವಾರ ಚರ್ಚಿನ ಕಸ ಗುಡಿಸಿ, ಬೆಂಚು ಒರೆಸಿ ಇಡುತ್ತಿದ್ದವರು. ತಿಂಗಳಿಗೆ ಐದು ರೂಪಾಯಿ ಚಂದಾ, ಹದಿನೆಂಟು ತಿಂಗಳು ಕಟ್ಟಿರಲಿಲ್ಲ. ತೊಂಬತ್ತು ರೂಪಾಯಿ.

ಆಕೆ ಮುಂದಿನ ಭಾನುವಾರದಿಂದ ಬರಲಿಲ್ಲ. ನನಗೆ ಗೊತ್ತೇ ಆಗಲಿಲ್ಲ. ಬೆಂಚುಗಳೆಲ್ಲ ತುಂಬಿದ್ದವು. ಗುಡಿಸುವ ಕೆಲಸಕ್ಕೆ ಬೇರೆಯವರು ಸಿಕ್ಕಿದರು. ಏಳು ತಿಂಗಳಾದ ಮೇಲೆ ಆಕೆಯ ಮಗಳು ಬಂದು ನನ್ನ ಮೇಜಿನ ಮೇಲೆ ತೊಂಬತ್ತು ರೂಪಾಯಿ ಇಟ್ಟಳು. "ಅವ್ವ ಹೋದ ವಾರ ತೀರಿಕೊಂಡಳು. ಬಾಕಿ ಕಟ್ಟಿಬಿಡು ಅಂದಿದ್ದಳು" ಅಂದಳು. ನಮ್ಮ ಸಮಾಧಿ ಜಾಗದಲ್ಲಿ ಆರಡಿ ಕೇಳಲಿಕ್ಕೂ ನಾಚಿಕೆಪಟ್ಟು, ತವರೂರಿಗೆ ಒಯ್ದು ಮಣ್ಣು ಮಾಡಿದ್ದರು.

ಆಮೇಲೆ ನಾನು ಆ ವರ್ಷದ ವರದಿ ತೆಗೆದು ನೋಡಿದೆ. ಆಕೆ ಅದರಲ್ಲಿ ಎರಡು ಕಡೆ ಇದ್ದರು. ಸದಸ್ಯರ ಒಟ್ಟು ಸಂಖ್ಯೆಯಲ್ಲಿ ಒಂದು. ಬರಬೇಕಾದ ಬಾಕಿಯಲ್ಲಿ ತೊಂಬತ್ತು ರೂಪಾಯಿ. ಮಗಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಚಹಾ ಕೊಟ್ಟಳು. ಕ್ಷಮಿಸಿದೆ ಅಂತ ಹೇಳಲಿಲ್ಲ. ಅವಳು ಹೇಳಬೇಕು ಅಂತ ಕೇಳುವ ಹಕ್ಕು ನನಗೂ ಇರಲಿಲ್ಲ.

ಆ ವಾರವೇ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಮೇಲೆ "ಬರದವರ ಪುಸ್ತಕ" ಅಂತ ಬರೆದೆ. ಪ್ರತಿ ಭಾನುವಾರ ಸಂಜೆ ಇಬ್ಬರು ಹಿರಿಯರು, ಸ್ತ್ರೀಯರ ಕೂಟದ ಒಬ್ಬ ತಾಯಿ, ನಾನು ಕೂತುಕೊಳ್ಳುತ್ತಿದ್ದೆವು. ಬೆಳಗಿನ ಬೆಂಚುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುವುದು. ಕಿಟಕಿ ಕಡೆಯ ಮೂರನೆಯ ಬೆಂಚು, ಅಲ್ಲಿ ಯಾರಿರಲಿಲ್ಲ? ಬಾಗಿಲ ಹತ್ತಿರ ಯಾರಿರಲಿಲ್ಲ? ಸಂಖ್ಯೆ ಬರೆಯುವಂತಿಲ್ಲ, ಹೆಸರೇ ಬರೆಯಬೇಕು. ಎರಡನೆಯ ಭಾನುವಾರವೂ ಅದೇ ಹೆಸರು ಬಂದರೆ ಬುಧವಾರದ ಒಳಗೆ ಯಾರಾದರೂ ಅವರ ಮನೆಗೆ ಹೋಗಬೇಕು. "ಯಾಕೆ ಬರಲಿಲ್ಲ" ಅಂತ ಕೇಳಲಿಕ್ಕಲ್ಲ. ಸುಮ್ನೆ ಹೋಗಿ ಕೂತು ಬರುವುದು. ಕೂತರೆ ಸಾಕು, ಮಾತು ತಾನೇ ಬರುತ್ತದೆ.

ಆ ಪುಸ್ತಕದಲ್ಲಿ ಬರೆದದ್ದು ಎಂಥೆಂಥ ಕಾರಣ ಗೊತ್ತೇ? "ಶೇಂಗಾ ಕೀಳುವ ಕೆಲಸ, ಭಾನುವಾರ ಕೂಲಿ ಬಿಟ್ಟರೆ ಆಗುವುದಿಲ್ಲ." "ಗಂಡನಿಗೆ ಪಾರ್ಶ್ವವಾಯು, ಒಬ್ಬರೇ ಬಿಟ್ಟು ಬರುವಂತಿಲ್ಲ." "ಹುಡುಗಿಗೆ ಹಾಕಿಕೊಳ್ಳಲು ಒಳ್ಳೆಯ ಬಟ್ಟೆ ಇಲ್ಲ, ಬೇರೆ ಮಕ್ಕಳು ನಗುತ್ತಾರೆ." "ಮೆಟ್ಟಿಲು ಹತ್ತಲಾಗುವುದಿಲ್ಲ." "ಹಿರಿಯರೊಬ್ಬರು ಆಡಿದ ಮಾತಿಗೆ ನೊಂದಿದ್ದಾರೆ." ಒಂದು ಪುಟದಲ್ಲಿ ನನ್ನ ಹೆಸರೇ ಇತ್ತು. ನಾನು ಪ್ರಸಂಗದಲ್ಲಿ ಹೇಳಿದ ಒಂದು ಉದಾಹರಣೆ ತಮ್ಮ ಮನೆಯ ಕತೆ ಅಂತ ಆ ತಾಯಿ ತಿಳಿದುಕೊಂಡಿದ್ದರು.

ಅಲ್ಲಿಂದ ಮುಂದೆ ನಾನು ಸಭೆಯನ್ನು ನೋಡುವ ಕಣ್ಣೇ ಬದಲಾಯಿತು. ಒಬ್ಬ ಮನುಷ್ಯ ಬರದೆ ಹೋದರೆ ಎಷ್ಟು ದಿನದಲ್ಲಿ ಸಭೆಗೆ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಯಾರಾದರೂ ಎದ್ದು ಹೋಗುತ್ತಾರಾ? ನನ್ನ ಅಳತೆಗೋಲು ಇದೇ. ಇದಕ್ಕಿಂತ ಒಳ್ಳೆಯದು ನನಗೆ ಇದುವರೆಗೆ ಸಿಕ್ಕಿಲ್ಲ.

ಈಗ ನಿಮ್ಮ ವರದಿಗೆ ಬರೋಣ. 180ರಲ್ಲಿ 110 ಕಳೆದರೆ 70. ಕಮಿಟಿಯವರನ್ನೆಲ್ಲ ಕೂರಿಸಿಕೊಂಡು ಆ ಎಪ್ಪತ್ತು ಹೆಸರು ಬರೆಯಿರಿ. ತೀರಿಕೊಂಡವರು ಇರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇರುತ್ತಾರೆ. ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋದವರು ಇರುತ್ತಾರೆ. ಅದು ಸೋಲಲ್ಲ. ಬೇರೆ ಪ್ರಾರ್ಥನಾ ಕೂಟಕ್ಕೆ ಹೋದವರ ಮುಂದೆ ಒಂದು ಗುರುತು ಹಾಕಿ. ಮನೆಯಲ್ಲೇ ಇದ್ದೂ ಎಲ್ಲಿಗೂ ಹೋಗದವರ ಮುಂದೆ ಎರಡು ಗುರುತು ಹಾಕಿ. ಎಪ್ಪತ್ತು ಹೆಸರು ಬರೆಯಲಿಕ್ಕೇ ಆಗಲಿಲ್ಲ, ಇಪ್ಪತ್ತೈದಕ್ಕೆ ನಿಂತುಹೋಯಿತು ಅಂದರೆ, ಅದನ್ನೇ ವಾರ್ಷಿಕ ಸಭೆಯ ಮುಂದೆ ಹೇಳಿ. ಜಗಳ ನಿಲ್ಲುತ್ತದೆ.

ಕಾಣಿಕೆ ಜಾಸ್ತಿಯಾಗಿದೆ ಅಂದಿರಿ. ಎಷ್ಟು ಮನೆಯಿಂದ ಬಂತು ಅಂತ ನೋಡಿದ್ದೀರಾ? ಮೂರು ಮನೆಯವರು ಅರ್ಧ ಕೊಟ್ಟರೆ ಆ ಸಭೆ ಆ ಮೂರು ಮನೆಯ ಮಾತು ಮೀರಲಾರದು. ಇನ್ನೊಂದು, ಬಂದದ್ದು ಎಲ್ಲಿ ಹೋಯಿತು? ಕಟ್ಟಡಕ್ಕೆ ಎಷ್ಟು, ಕಾಯಿಲೆ ಬಿದ್ದವರಿಗೆ ಎಷ್ಟು, ಮಕ್ಕಳ ಫೀಸಿಗೆ ಎಷ್ಟು? ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯ ಓದಿ. ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ದಿನಗಳಲ್ಲೇ ಗೊಣಗಾಟ ಶುರುವಾಯಿತು ಅಂತ ಅಲ್ಲಿದೆ. ಯಾತಕ್ಕೆ? ದಿನದ ಊಟ ಬಡಿಸುವಾಗ ಗ್ರೀಕ್ ಮಾತಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಅಪೊಸ್ತಲರು "ಸಂಖ್ಯೆ ಹೆಚ್ಚಾಗಿದೆಯಲ್ಲ, ಬಿಡಿ" ಅನ್ನಲಿಲ್ಲ. ಏಳು ಜನರನ್ನು ಅದೇ ಕೆಲಸಕ್ಕೆ ನೇಮಿಸಿದರು. ನಿಮ್ಮ ಸಭೆಯಲ್ಲಿ ಬಡಿಸುವಾಗ ಬಿಟ್ಟುಹೋಗುತ್ತಿರುವವರು ಯಾರು? ಇದಕ್ಕೆ ಫಾರಂನಲ್ಲಿ ಕಾಲಂ ಇರುವುದಿಲ್ಲ. ಹಿಂಬದಿಯ ಖಾಲಿ ಹಾಳೆಯಲ್ಲಿ ಬರೆಯಿರಿ.

ಪ್ರಶ್ನೆ: ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ, ಜನ ಕಾಣಿಕೆ ತಂದ ಬೆಳೆಯ ಹರಾಜಿನಲ್ಲಿ ಈ ಸಲ ಒಂದು ಕುಂಬಳಕಾಯಿ 12,000 ರೂಪಾಯಿಗೆ ಹೋಯಿತು. ಕೊಂಡವರ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗಿದರು. ದಾಖಲೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ಸರಿಯೇ?
— ಒಬ್ಬ ಖಜಾಂಚಿ, ಶಿವಮೊಗ್ಗ ಜಿಲ್ಲೆ

ಉತ್ತರ: ಹರಾಜು ನನಗೆ ಇಷ್ಟ. ಮಕ್ಕಳು ಕುಣಿಯುತ್ತಾರೆ, ಅಜ್ಜಿಯರು ನಗುತ್ತಾರೆ, ಬಾಳೆಗೊನೆ ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ನಿಲ್ಲಿಸಬೇಡಿ. ಮುಂದಿನ ವರ್ಷ ಒಂದು ಬದಲಾವಣೆ ಮಾಡಿ ನೋಡಿ. ಕೊಂಡವರ ಹೆಸರು ಕೂಗಬೇಡಿ, ಬೆಳೆದವರ ಹೆಸರು ಕೂಗಿ. "ಇದು ಇಂಥ ಅವ್ವನ ಹಿತ್ತಲಿನ ಕುಂಬಳಕಾಯಿ" ಅನ್ನಿ. ಆಕೆ ಬೆಂಚಿನ ಮೇಲೆ ಹೇಗೆ ಕೂರುತ್ತಾರೆ ಅಂತ ನೋಡಿ, ನನಗೆ ಬರೆಯಿರಿ.

ಪ್ರಶ್ನೆ: ಅಯ್ಯನವರೇ, ನಾನು ನರ್ಸ್. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಇದ್ದೇನೆ. ಭಾನುವಾರ ಒಂದು ದೊಡ್ಡ ಸಭೆಗೆ ಹೋಗುತ್ತೇನೆ. ಎರಡು ಸಾವಿರ ಜನ. ಹಾಡು, ಬೆಳಕು, ಪ್ರಸಂಗ ಎಲ್ಲ ಚೆನ್ನಾಗಿದೆ. ವಾರದ ದಣಿವು ಇಳಿಯುತ್ತದೆ. ಆದರೆ ಡೆಂಗೀ ಆಗಿ ಮೂರು ವಾರ ಹೋಗದಿದ್ದಾಗ ಅಲ್ಲಿಂದ ಒಂದು ಫೋನೂ ಬರಲಿಲ್ಲ. ಗಂಜಿ ಕಾಯಿಸಿ ಕೊಟ್ಟವಳು ನನ್ನ ರೂಮಿನ ಗೆಳತಿ, ಅವಳು ದೇವಸ್ಥಾನಕ್ಕೆ ಹೋಗುವವಳು. ಊರಿನ ನಮ್ಮ ಸಭೆಯಲ್ಲಿ ನಲವತ್ತೇ ಜನ. ಅಲ್ಲಿ ಹೋದರೆ ಸಂಬಳ ಎಷ್ಟು, ಮದುವೆ ಯಾವಾಗ ಅಂತ ಪ್ರಾಣ ತಿನ್ನುತ್ತಾರೆ. ಅಪ್ಪ "ನಿನ್ನದು ಸಭೆಯೇ ಅಲ್ಲ, ಸಂತೆ" ಅನ್ನುತ್ತಾರೆ. ಎರಡರಲ್ಲಿ ಯಾವುದು ಸರಿಯಾದ ಸಭೆ?
— ಗದಗ ಕಡೆಯ ಹುಡುಗಿ

ಉತ್ತರ: ಮಗಳೇ, ಮೊದಲು ಆ ಗೆಳತಿಗೆ ನನ್ನ ವಂದನೆ ಹೇಳು. ಗಾಯಗೊಂಡವನ ಹತ್ತಿರ ನಿಂತ, ಬೇರೆ ಜನದವನಾದ ಸಮಾರ್ಯದವನ ಕತೆ ನಿನಗೆ ಸಂಡೇ ಸ್ಕೂಲಿನಿಂದ ಗೊತ್ತು. ಆ ಕತೆಯಲ್ಲಿ ದಾಟಿ ಹೋದವರು ಯಾಜಕ, ಲೇವಿಯ, ದೇವಾಲಯದ ಜನವೇ ಅನ್ನುವುದೂ ಗೊತ್ತು.

ಅಪ್ಪನ ಮಾತಿಗೆ ಸಿಟ್ಟಾಗಬೇಡ. ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ತಾಸು ರೋಗಿಗಳ ನಡುವೆ ನಿಂತವಳಿಗೆ ಭಾನುವಾರದ ಹಾಡು ದಣಿವು ಇಳಿಸಿದರೆ ಅದು ದೇವರ ಉಪಕಾರವೇ. ದೊಡ್ಡ ಸಭೆ ಅಂದ ತಕ್ಷಣ ತಪ್ಪು ಅನ್ನಲಾಗದು. ಯೆರೂಸಲೇಮಿನಲ್ಲಿ ಒಂದೇ ದಿನ ಮೂರು ಸಾವಿರ ಆದರು. ಆದರೆ ಅವರು ರೊಟ್ಟಿ ಮುರಿದದ್ದು ಮನೆಮನೆಗಳಲ್ಲಿ. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ 1958ರಲ್ಲಿ ಬೆರಳೆಣಿಕೆಯ ಜನರಿಂದ ಶುರುವಾದ ಯೊಯಿದೊ ಸಭೆ ಮುಂದೆ ಲಕ್ಷಗಟ್ಟಲೆ ಜನರ ಸಭೆಯಾಯಿತು. ಅದು ನಿಂತದ್ದು ವೇದಿಕೆಯ ಮೇಲಲ್ಲ, ಮನೆಗಳಲ್ಲಿ ಸೇರುವ ಸಣ್ಣ ಸಣ್ಣ ಕೂಟಗಳ ಮೇಲೆ. ಅವುಗಳಲ್ಲಿ ಹೆಚ್ಚಿನವನ್ನು ನಡೆಸಿದವರು ಹೆಂಗಸರು. ಎರಡು ಸಾವಿರ ಜನರ ಸಭೆಯಲ್ಲಿ ಪಾಲಕರು ನಿನ್ನ ಹೆಸರು ನೆನಪಿಟ್ಟುಕೊಳ್ಳಲಾರರು. ಆದರೆ ಎಂಟು ಜನರಾದರೂ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಅಂಥ ಮನೆಕೂಟ ಇದೆಯಾ ಅಂತ ಕೇಳು. ಇಲ್ಲದಿದ್ದರೆ ನಿನ್ನ ಹಾಸ್ಟೆಲ್ಲಿನಲ್ಲೇ ನಾಲ್ಕು ಹುಡುಗಿಯರನ್ನು ಸೇರಿಸು. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಒಂದು ಲೋಟ ಚಹಾ, ಒಂದು ಕೀರ್ತನೆ, ಐದು ನಿಮಿಷದ ಪ್ರಾರ್ಥನೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಊರಿನ ಸಭೆಯ ವಿಷಯ. ಎಲ್ಲರಿಗೂ ಎಲ್ಲರ ಸಮಾಚಾರ ಗೊತ್ತಿರುವುದು ಬೇರೆ, ವಿಚಾರಿಸಿಕೊಳ್ಳುವುದು ಬೇರೆ. ನಿನ್ನ ಸಂಬಳ ಕೇಳಿದವರಲ್ಲಿ ಒಬ್ಬರಾದರೂ "ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಹೇಗೆ ಬರುತ್ತೀಯವ್ವ" ಅಂತ ಕೇಳಿದ್ದಾರಾ? ಸಣ್ಣ ಸಭೆಯವರು ನಮ್ಮದೇ ನಿಜವಾದ ಸಭೆ ಅಂದುಕೊಳ್ಳುವ ಮೊದಲು ಇದನ್ನು ಯೋಚಿಸಬೇಕು. ಈ ಸಾಲನ್ನು ನಿನ್ನ ಅಪ್ಪನಿಗೆ ತೋರಿಸು. ಅವರು ಹಳೆಯ ಓದುಗರು, ನನ್ನ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಕಮಿಟಿ ಸದಸ್ಯ. ಇತ್ತೀಚೆಗೆ ಸಭಾ ವೃದ್ಧಿಯ ಬಗ್ಗೆ ಒಂದು ತರಬೇತಿಗೆ ಹೋಗಿದ್ದೆ. ಗುರಿ ಇಲ್ಲದ ಸಭೆ ಬೆಳೆಯುವುದಿಲ್ಲ ಅಂತ ಅಲ್ಲಿ ಹೇಳಿದರು. ಐದು ವರ್ಷದಲ್ಲಿ ಸದಸ್ಯರು ಎರಡು ಪಟ್ಟು ಆಗಬೇಕು, ಪ್ರತಿ ಮೂರು ತಿಂಗಳಿಗೆ ಲೆಕ್ಕ ನೋಡಬೇಕು, ಗುರಿ ಮುಟ್ಟದಿದ್ದರೆ ಸಭಾಪಾಲಕರ ವರ್ಗಾವಣೆ ಕೇಳಬೇಕು ಅಂತ ನಾನು ಸೂಚಿಸಿದೆ. ಹಿರಿಯರು ಒಪ್ಪುತ್ತಿಲ್ಲ. ಒಂದು ಕಂಪನಿ ಕೂಡ ಹೀಗೇ ಅಲ್ವಾ ಬೆಳೆಯುವುದು?
— ಧಾರವಾಡ

ಉತ್ತರ: ನಿಮ್ಮ ಉತ್ಸಾಹ ನನಗೆ ಬೇಕು. ನಿದ್ದೆ ಮಾಡುವ ಕಮಿಟಿಗಳನ್ನು ಸಾಕಷ್ಟು ನೋಡಿದ್ದೇನೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡು ಮಂದಿಯೂ ಇಲ್ಲ. ಇಷ್ಟು ಸಣ್ಣ ಸಮುದಾಯಕ್ಕೆ ಸಂಖ್ಯೆಯ ಚಿಂತೆ ಬರುವುದು ಸಹಜ.

ನೀವು ಕಲಿತು ಬಂದ ಆ ಪಾಠ ಎಲ್ಲಿ ಹುಟ್ಟಿತು ಗೊತ್ತೇ? ನಮ್ಮ ದೇಶದಲ್ಲೇ. ಡೊನಾಲ್ಡ್ ಮೆಕ್‌ಗಾವ್ರನ್ ಅನ್ನುವವರು 1897ರಲ್ಲಿ ಮಧ್ಯ ಭಾರತದ ದಮೋಹ್‌ನಲ್ಲಿ, ಮಿಷನರಿಗಳ ಮನೆಯಲ್ಲಿ ಹುಟ್ಟಿದರು. ತಾವೂ ಅಲ್ಲೇ ಸೇವೆ ಮಾಡಿದರು. ಇಷ್ಟೊಂದು ಶಾಲೆ, ಆಸ್ಪತ್ರೆ ಇದ್ದೂ ಕೆಲವು ಸಭೆ ಯಾಕೆ ಬೆಳೆಯುವುದಿಲ್ಲ, ಕೆಲವು ಯಾಕೆ ಬೆಳೆಯುತ್ತವೆ ಅಂತ ಹಳ್ಳಿಹಳ್ಳಿ ತಿರುಗಿ ಕೇಳಿದರು. ಪ್ರಾಮಾಣಿಕ ಪ್ರಶ್ನೆ ಅದು. ಆಮೇಲೆ 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಶುರು ಮಾಡಿದರು. ಅಲ್ಲಿಂದ ಲೋಕವೆಲ್ಲ ಹಬ್ಬಿತು. ಅವರು ಕಂಡುಕೊಂಡ ಒಂದು ಸಂಗತಿ ಇದು: ಜಾತಿ, ಭಾಷೆ, ವರ್ಗದ ಗೆರೆ ದಾಟದೆ ತಮ್ಮ ಜನರ ಜೊತೆಗೇ ಬರುವುದಾದರೆ ಜನ ಸುಲಭವಾಗಿ ಬರುತ್ತಾರೆ. ನೋಡಿದ್ದು ಸುಳ್ಳಲ್ಲ. ಆದರೆ ಅದನ್ನೇ ದಾರಿ ಮಾಡಿಕೊಂಡರೆ ಏನಾಗುತ್ತದೆ? ಒಂದೊಂದು ಜಾತಿಗೆ ಒಂದೊಂದು ಬೆಂಚು. ಈಗಲೂ ಮದುವೆ ಮಾತು ಬಂದಾಗ ನಾವು "ಅವರು ಮೊದಲು ಯಾವ ಕಡೆಯವರು" ಅಂತ ಮೆಲ್ಲಗೆ ಕೇಳುತ್ತೇವೆ. ನಿಮ್ಮ ಗುರಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ. ಐದು ವರ್ಷದಲ್ಲಿ ಆ ಪ್ರಶ್ನೆ ನಿಂತರೆ ಸಭೆ ಎಷ್ಟು ಬೆಳೆದಿದೆ ಅಂತ ನನಗೆ ಹೇಳಿ.

ಅಮೆರಿಕದ ಶಿಕಾಗೋ ಹತ್ತಿರ ವಿಲ್ಲೋ ಕ್ರೀಕ್ ಅಂತ ಬಹಳ ದೊಡ್ಡ ಸಭೆ ಇದೆ. 1975ರಲ್ಲಿ ಶುರುವಾದದ್ದು. ಹೇಗೆ ಬೆಳೆಯಬೇಕು ಅಂತ ಬೇರೆ ಸಭೆಗಳು ಅವರನ್ನು ನೋಡಿ ಕಲಿಯುತ್ತಿದ್ದವು. 2007ರಲ್ಲಿ ಅವರು ತಮ್ಮದೇ ಜನರನ್ನು ಕೇಳಿ ಮಾಡಿದ ಅಧ್ಯಯನವನ್ನು ಹೊರಗೆ ಹಾಕಿದರು. ಕಾರ್ಯಕ್ರಮಗಳಿಗೆ ಜಾಸ್ತಿ ಬರುವವರಲ್ಲಿ ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿ ಅಷ್ಟರಿಂದಲೇ ಜಾಸ್ತಿ ಆಗಿಲ್ಲ ಅಂತ ಕಂಡಿತು. ಅದನ್ನು ಮುಚ್ಚಿಡದೆ ಹೇಳಿದರಲ್ಲ, ಅದು ದೊಡ್ಡ ಮಾತು. ಸಾವಿರಾರು ಜನ ಬರುವ ಸಭೆಯೇ ಹೀಗೆ ತನ್ನನ್ನು ಕೇಳಿಕೊಂಡಿತು. ನಾವೂ ಕೇಳಿಕೊಳ್ಳಬಹುದು.

ಇನ್ನು ಕಂಪನಿಯ ಮಾತು. ನಮ್ಮ ಕಡೆಯ ಸಭೆಗಳಿಗೆ ಕಾರ್ಖಾನೆಯ ನಂಟು ಹಳೆಯದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ನಂಬಿದವರು ಮನೆ, ಕುಲಕಸುಬು, ಹೊಲ ಎಲ್ಲ ಕಳೆದುಕೊಂಡು ಹೊರಗೆ ಬಿದ್ದರು. ಅವರಿಗೆ ಹೊಟ್ಟೆಗೆ ಏನು? ಅದಕ್ಕೇ ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿ­ತು. ನನ್ನ ತಾಯಿಯ ತಾತ ಅಲ್ಲಿ ಹಂಚು ಒಣಗಿಸುವ ಕೆಲಸ ಮಾಡಿದವರು. ಆ ಕಾರ್ಖಾನೆಯಲ್ಲಿ ತಪ್ಪುಗಳು ಇರಲಿಲ್ಲ ಅಂತಲ್ಲ. ಕೆಲಸ ಕೊಡುವವರೂ ಅವರೇ, ದೀಕ್ಷಾಸ್ನಾನ ಕೊಡುವವರೂ ಅವರೇ ಆದಾಗ ಬಡವನಿಗೆ ಬಾಯಿ ಇರುವುದಿಲ್ಲ. ಆದರೆ "ಎಷ್ಟು ಮಂದಿ ಸೇರಿದರು" ಅನ್ನುವ ಲೆಕ್ಕದ ಪಕ್ಕದಲ್ಲೇ "ಸೇರಿದವರು ಊಟ ಮಾಡುತ್ತಿದ್ದಾರಾ" ಅನ್ನುವ ಪ್ರಶ್ನೆಯನ್ನೂ ಇಟ್ಟುಕೊಂಡಿದ್ದರು. ಅದೇ ಮಿಷನ್ನಿನ ಕಿಟ್ಟೆಲ್ ಅವರು 1853ರಲ್ಲಿ ಬಂದು ದಶಕಗಟ್ಟಲೆ ಪದ ಕೂಡಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ನಿಮ್ಮ ಮೂರು ತಿಂಗಳ ಲೆಕ್ಕದಲ್ಲಿ ಅಂಥವರನ್ನು ಎಷ್ಟು ಸಲ ವರ್ಗ ಮಾಡಬೇಕಿತ್ತು ಯೋಚಿಸಿ.

ಸಭಾಪಾಲಕರನ್ನು ಅಳೆಯುವುದೇ ಬೇಡ ಅಂತ ನಾನು ಹೇಳುವುದಿಲ್ಲ. ಅಳೆಯಿರಿ, ಆದರೆ ಅವರು ಹೋಗಿ ಎರಡು ವರ್ಷವಾದ ಮೇಲೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಜರ್ಮನಿಯವರು ಅಂತ ಬ್ರಿಟಿಷ್ ಸರ್ಕಾರ ಆ ಬಾಸೆಲ್ ಮಿಷನರಿಗಳನ್ನು ಹಿಡಿದು ಇಟ್ಟಿತು, ಆಮೇಲೆ ವಾಪಸು ಕಳಿಸಿತು. ಕಾರ್ಖಾನೆಗಳೂ ಕೈತಪ್ಪಿದವು. ಎಂಬತ್ತು ವರ್ಷ ಅವರು ಮಾಡಿದ ಕೆಲಸದ ಪರೀಕ್ಷೆ ಆಗ ನಡೆಯಿತು. ಭಾನುವಾರದ ಗಂಟೆ ನಿಲ್ಲಲಿಲ್ಲ. ನಮ್ಮವರೇ ಆದ ಉಪದೇಶಕರು, ಹಿರಿಯರು ಸಭೆಗಳನ್ನು ನಡೆಸಿಕೊಂಡು ಹೋದರು. ನಾನು ಬಿಟ್ಟು ಬಂದ ಒಂಬತ್ತು ಸಭೆಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನನ್ನ ಹೆಸರಿನ ಫಲಕ ಇದೆಯಾ ಅಂತಲ್ಲ. ರೋಗಿಯ ಹತ್ತಿರ ಕೂತು ಪ್ರಾರ್ಥನೆ ಮಾಡಬಲ್ಲ ಎಷ್ಟು ಜನರನ್ನು ಬಿಟ್ಟು ಬಂದೆ? ಎರಡು ಕಡೆ ಒಳ್ಳೆಯ ಉತ್ತರ ಸಿಗುತ್ತದೆ. ಒಂದು ಕಡೆ ಎಲ್ಲವನ್ನೂ ನಾನೇ ಮಾಡುತ್ತಿದ್ದೆ, ಜನ ಬಹಳ ಹೊಗಳಿದರು. ನಾನು ಬಂದ ಮೇಲೆ ಆ ಸಭೆ ಒಂದೇ ವರ್ಷದಲ್ಲಿ ಒಡೆಯಿತು.

ಪ್ರಶ್ನೆ: ನನಗೆ 78 ವರ್ಷ. ನಿವೃತ್ತ ಕನ್ನಡ ಶಾಲೆ ಮಾಸ್ತರ. ನಮ್ಮ ಹಳ್ಳಿಯ ಚರ್ಚಿನಲ್ಲಿ ಈಗ ಒಂಬತ್ತು ಜನ ಉಳಿದಿದ್ದೇವೆ. ಮಕ್ಕಳೆಲ್ಲ ಬೆಂಗಳೂರು, ಗೋವಾ, ಪುಣೆ. ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರ ನಾನೇ ಸತ್ಯವೇದ ಓದುತ್ತೇನೆ. ಮಳೆಗಾಲದಲ್ಲಿ ಹಂಚು ಸೋರುತ್ತದೆ. "ಮುಚ್ಚಿ ತಾಲೂಕಿನ ಸಭೆಗೆ ಸೇರಿಕೊಳ್ಳಿ" ಅಂತ ಮಗ ಹೇಳುತ್ತಾನೆ. ನಾವು ಸೋತೆವೇ?
— ಹೆಸರು ಬೇಡ

ಉತ್ತರ: ಮಾಸ್ತರೇ, ನಿಮ್ಮ ಕಾಗದವನ್ನು ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ.

ಸತ್ಯವೇದದ ಕೊನೆಯದಾದ ಪ್ರಕಟನೆಯ ಪುಸ್ತಕದಲ್ಲಿ ಏಳು ಸಭೆಗಳಿಗೆ ಕಾಗದ ಇದೆ. ಐದಕ್ಕೆ ಬೈಗುಳ ಇದೆ. ಬೈಗುಳ ಇಲ್ಲದ್ದು ಎರಡಕ್ಕೆ ಮಾತ್ರ. ಒಂದು ಸ್ಮುರ್ನ, ಬಡ ಸಭೆ. ಇನ್ನೊಂದು ಫಿಲದೆಲ್ಫಿಯ, ಅದಕ್ಕಿದ್ದ ಶಕ್ತಿ ಕೊಂಚವೇ. "ನಾನು ಐಶ್ವರ್ಯವಂತ, ನನಗೇನೂ ಕಡಿಮೆ ಇಲ್ಲ" ಅಂದ ಲವೊದಿಕೀಯಕ್ಕೆ ಎಂಥ ಮಾತು ಬಂತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ನೀವೇ ಓದಿ ಹೇಳುವವರು.

ಸುಳ್ಳು ಧೈರ್ಯ ಹೇಳಲಾರೆ. ಬಾಗಿಲು ಹಾಕುವ ದಿನ ಬಂದರೂ ಬರಬಹುದು. ಪೌಲನು ವರ್ಷಗಟ್ಟಲೆ ದುಡಿದ ಎಫೆಸದ ಊರೇ ಇವತ್ತು ಹಾಳು ಬಿದ್ದಿದೆ, ಬರೀ ಕಲ್ಲುಕಂಬಗಳು. ಹಾಗಂತ ಪೌಲನ ಕೆಲಸ ಸೋತಿತೇ? ಎಫೆಸದವರಿಗೆ ಬರೆದ ಪತ್ರವನ್ನು ನೀವು ಒಂಬತ್ತು ಜನ ಆ ಸೋರುವ ಸೂರಿನ ಕೆಳಗೆ ಕನ್ನಡದಲ್ಲಿ ಓದುತ್ತಿದ್ದೀರಿ.

ಮಗನ ಮೇಲೆ ಬೇಸರ ಬೇಡ. ಒಂಬತ್ತು ಜನರಲ್ಲಿ ನಡೆಯಲಾಗದವರು ಎಷ್ಟು ಅಂತ ನೋಡಿ. ಅವರಿಗೆ ತಾಲೂಕಿನ ತನಕ ಹೋಗಲು ಆಗದಿದ್ದರೆ, ಅವರೊಬ್ಬರಿಗಾಗಿಯಾದರೂ ಬಾಗಿಲು ತೆರೆದಿರಲಿ. ಎಲ್ಲರೂ ಹೋಗಬಲ್ಲರು, ಅಲ್ಲಿಯವರು ಕರೆದುಕೊಂಡು ಹೋಗಿ ಬಿಡುತ್ತಾರೆ ಅಂದರೆ, ಆಗ ಯೋಚಿಸಿ. ಕಟ್ಟಡಕ್ಕಾಗಿ ಹಟ ಹಿಡಿಯಬೇಡಿ.

ಒಂದು ಕೆಲಸ ಕೇಳುತ್ತೇನೆ. ನೀವು ಎಷ್ಟು ವರ್ಷ ಸಂಡೇ ಸ್ಕೂಲ್ ನಡೆಸಿದ್ದೀರಿ ಅಂತ ಬರೆದಿಲ್ಲ, ಆದರೆ ಮಾಸ್ತರು ಅಂದ ಮೇಲೆ ನಡೆಸಿಯೇ ಇರುತ್ತೀರಿ. ಅಲ್ಲಿ ಕೂತು ಪಾಠ ಕೇಳಿದ ಮಕ್ಕಳ ಹೆಸರನ್ನೆಲ್ಲ ಒಂದು ವಹಿಯಲ್ಲಿ ಬರೆಯಿರಿ. ಈಗ ಯಾವ ಊರಲ್ಲಿ ಇದ್ದಾರೆ ಅಂತಲೂ ಬರೆಯಿರಿ. ಗೊತ್ತಿಲ್ಲದವರ ಮುಂದೆ ಜಾಗ ಬಿಡಿ, ಅವರ ತಂದೆತಾಯಿಯನ್ನು ಕೇಳಿ ತುಂಬಿ. ಭಾನುವಾರ ಒಂಬತ್ತು ಜನ ಪ್ರಾರ್ಥನೆಗೆ ಕೂತಾಗ ವಾರಕ್ಕೆ ಹತ್ತು ಹೆಸರು ಓದಿ. ನಮ್ಮ ಗದಗ ಕಡೆಯ ನರ್ಸ್ ಹುಡುಗಿಯಂಥವರಿಗೆ, ಊರಲ್ಲಿ ಯಾರೋ ತನ್ನ ಹೆಸರು ಹೇಳುತ್ತಿದ್ದಾರೆ ಅಂತ ಒಂದು ಕಾರ್ಡು ಬಂದರೆ ಎಷ್ಟು ಆಗುತ್ತದೆ!

ನವೆಂಬರಿನ ಎರಡನೆಯ ಭಾನುವಾರ ನನಗೆ ಬೇರೆ ಕೆಲಸ ಇಲ್ಲ. ನಾನು ಬರುತ್ತೇನೆ. ಪೇಟೆಯಿಂದ ನಿಮ್ಮ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಅಂತ ಬರೆಯಿರಿ. ಒಡೆದ ಹಂಚು ಎಷ್ಟು ಅಂತಲೂ ಎಣಿಸಿ ಬರೆಯಿರಿ, ಬರುವಾಗ ಗಾಡಿಯಲ್ಲಿ ಹಾಕಿಸಿಕೊಂಡು ಬರುತ್ತೇನೆ.